ಆನ್‌ಲೈನ್ ರಿವ್ಯೂಗಳ ಮಾನದಂಡ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಮದುವೆ, ಹಬ್ಬದ ದಿನಗಳು ಬಂತೆಂದರೆ ‘ಇಳಕಲ್ ಸೀರೆ’ ಎಂದು ಮೊಬೈಲ್‌ನಲ್ಲಿ ಹುಡುಕಿ ತರಿಸಿಕೊಳ್ಳುವವರು ಈಗ ದೂರದ ಊರುಗಳಲ್ಲಷ್ಟೇ ಅಲ್ಲ, ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೂ ಇದ್ದಾರೆ. ಅಂಗಡಿಯಲ್ಲಾದರೆ ಸೆರಗು ಬಿಡಿಸಿ, ಅಂಚನ್ನು ಬೆಳಕಿಗೆ ಹಿಡಿದು, ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು. ಆನ್‌ಲೈನ್‌ನಲ್ಲಿ ಕಾಣುವುದೆಲ್ಲ ಮಾರಾಟಗಾರ ಹಾಕಿದ ಚಿತ್ರ, ಅವನೇ ಬರೆದ ವಿವರ. ಅವನದಲ್ಲದ ಮಾತು ಅಲ್ಲಿ ಸಿಗುವುದು ಮೊದಲೇ ಕೊಂಡವರು ಬರೆದ ರಿವ್ಯೂಗಳಲ್ಲಿ ಮಾತ್ರ. ಅದೂ ಕಲಬೆರಕೆಯಾದರೆ ಗ್ರಾಹಕರಿಗೆ ಬೇರೆ ಆಸರೆಯಿಲ್ಲ.

ಅಪ್ಪಟ ಕೈಮಗ್ಗದ್ದೆಂದು ಹೇಳಿಕೊಂಡು ಮಾರಾಟಕ್ಕಿಟ್ಟಿದ್ದ ಸೀರೆಯೊಂದರ ಕೆಳಗೆ ಇತ್ತೀಚೆಗೆ ಓದಿದ ರಿವ್ಯೂಗಳಲ್ಲಿ ಬಹುಪಾಲು ‘ಚೆನ್ನಾಗಿದೆ’, ‘ಸೂಪರ್ ಕಲರ್’ ಎಂಬಷ್ಟರಲ್ಲೇ ಮುಗಿದಿದ್ದವು. ಒಬ್ಬ ಮಹಿಳೆ ಮಾತ್ರ ಸೆರಗು ಒಡಲಿಗೆ ಸೇರುವ ಜಾಗದ ಫೋಟೊ ಹಾಕಿ, ಅಲ್ಲಿ ಜೋಡಣೆಯ ಗುರುತೇ ಇಲ್ಲವೆಂದೂ, ಕಿತ್ತ ಎಳೆಯನ್ನು ಸುಟ್ಟಾಗ ಅದು ಬೂದಿಯಾಗದೆ ಕರಗಿ ಗಟ್ಟಿ ಉಂಡೆಯಾಯಿತೆಂದೂ ಬರೆದಿದ್ದರು. ಇಳಕಲ್ಲಿನ ಸಾಂಪ್ರದಾಯಿಕ ನೇಯ್ಗೆಯಲ್ಲಿ ಒಡಲಿನ ಹಾಸು ಎಳೆಗಳಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳಿಗೆ) ಸೆರಗಿನ ಕೆಂಪು ರೇಷ್ಮೆ ಹಾಸು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಇನ್ನು ಹತ್ತಿ ಸುಟ್ಟರೆ ಕಾಗದ ಸುಟ್ಟ ವಾಸನೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಕರಗಿ ಉಂಡೆಯಾಗುವುದು ಪಾಲಿಯೆಸ್ಟರ್. ಮಗ್ಗವನ್ನು ಎಂದೂ ಕಂಡಿರದ ಗ್ರಾಹಕರಿಗೂ ಆ ನಾಲ್ಕು ಸಾಲುಗಳಿಂದ ಎಷ್ಟು ಉಪಕಾರವಾಗಿರಬಹುದು! ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸೀರೆಯ ಹೆಸರಿನಲ್ಲಿ ನಕಲಿ ಮಾಲು ಅಗ್ಗಕ್ಕೆ ಬಿಕರಿಯಾಗುವಾಗ ಪೆಟ್ಟು ಬೀಳುವುದು ನೇಕಾರರಿಗೂ ಹೌದಾದ್ದರಿಂದ, ಆ ರಿವ್ಯೂ ಅವರ ಪರವಾಗಿಯೂ ಮಾತಾಡಿದಂತಾಯಿತು.

ಇಂಥ ಪ್ರಾಮಾಣಿಕ ಮಾತನ್ನು ಮುಚ್ಚಿಹಾಕುವ ಉಪಾಯಗಳು ಹಲವಿವೆ. ಪಾರ್ಸೆಲ್‌ನೊಳಗೆ ‘ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ ಹಣ ವಾಪಸ್’ ಎಂಬ ಚೀಟಿ ಇಡುವುದುಂಟು. ಬೇರೊಂದು ವಸ್ತುವಿಗೆ ಬಂದಿದ್ದ ಒಳ್ಳೆಯ ರಿವ್ಯೂಗಳಿದ್ದ ಪುಟದಲ್ಲಿಯೇ ಚಿತ್ರ, ಹೆಸರು ಬದಲಿಸಿ ಹೊಸ ಮಾಲು ಮಾರುವುದೂ ಉಂಟು. ಸೀರೆಯ ಪುಟದಲ್ಲಿ ಬೆಡ್‌ಶೀಟಿನ ಹೊಗಳಿಕೆ ಕಂಡರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಆದ್ದರಿಂದ ಒಟ್ಟು ಸ್ಟಾರ್‌ಗಳ ಸರಾಸರಿಯನ್ನು ನಂಬದೆ, ಒಂದು, ಎರಡು, ಮೂರು ಸ್ಟಾರ್ ಕೊಟ್ಟವರ ದೂರು ಏನೆಂಬುದನ್ನು ಮೊದಲು ಓದಬೇಕು. ಗ್ರಾಹಕರೇ ತೆಗೆದ ಫೋಟೊಗಳನ್ನು ನೋಡಬೇಕು. ಒಂದೇ ವಾರದಲ್ಲಿ ಒಂದೇ ಬಗೆಯ ಮಾತುಗಳ ಸುರಿಮಳೆಯಾಗಿದ್ದರೆ ಅನುಮಾನಿಸಬೇಕು.

ಆದರೆ ಎಚ್ಚರಿಕೆಯ ಹೊಣೆಯನ್ನೆಲ್ಲ ಗ್ರಾಹಕರ ಮೇಲೆ ಹೊರಿಸುವುದು ನ್ಯಾಯವಲ್ಲ. ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ತಮ್ಮ ವಸ್ತುವಿಗೆ ತಾವೇ ರಿವ್ಯೂ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ನಿಷೇಧಿಸಿವೆ. ರಿವ್ಯೂಗಳನ್ನು ಹೇಗೆ ಸಂಗ್ರಹಿಸಬೇಕು, ಬರೆದವರು ನಿಜವಾದ ವ್ಯಕ್ತಿಗಳೇ ಎಂಬುದನ್ನು ಹೇಗೆ ಖಚಿತಪಡಿಸಿಕೊಳ್ಳಬೇಕು, ಹೇಗೆ ಪ್ರಕಟಿಸಬೇಕು ಎಂದು ತಿಳಿಸುವ ‘ಐಎಸ್ 19000:2022’ ಎಂಬ ಮಾನದಂಡವನ್ನೂ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಹೊರತಂದಿತು. ದುಡ್ಡು ಕೊಟ್ಟು ಬರೆಸಿದ ರಿವ್ಯೂಗಳಿಗೆ ಅದರಲ್ಲಿ ಜಾಗವಿಲ್ಲ. ಇಷ್ಟು ಒಳ್ಳೆಯ ಮಾನದಂಡವನ್ನು ಸ್ವಯಂಪ್ರೇರಣೆಯಿಂದ ಪಾಲಿಸಿದರೆ ಸಾಕೆಂದು ಬಿಟ್ಟದ್ದೇ ದೊಡ್ಡ ಕೊರತೆ. ಅಮೆರಿಕದಲ್ಲಿ ನಕಲಿ ರಿವ್ಯೂಗಳ ಮಾರಾಟ, ಖರೀದಿ ಎರಡನ್ನೂ ನಿಷೇಧಿಸುವ ನಿಯಮ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಕೇಂದ್ರ ಸರ್ಕಾರವೂ ಈ ಮಾನದಂಡವನ್ನು ಕಡ್ಡಾಯಗೊಳಿಸಲು ಇನ್ನು ತಡಮಾಡಬಾರದು. ನಮ್ಮ ಭಾಗದ ಸಂಸದರು ಈ ಬೇಡಿಕೆಯನ್ನು ಸಂಸತ್ತಿನಲ್ಲಿ ಎತ್ತಬೇಕು.

ನೇಯ್ಗೆ ಬಲ್ಲ ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ಜನರಲ್ಲಿಯೂ ಒಂದು ವಿನಂತಿ. ಆನ್‌ಲೈನ್‌ನಲ್ಲಿ ಸೀರೆ, ಖಣ ತರಿಸಿಕೊಂಡಾಗ ನೂಲು ಯಾವುದು, ಸೆರಗು ಹೇಗಿದೆ, ಒಗೆದ ಮೇಲೆ ಬಣ್ಣ ನಿಂತಿತೇ ಎಂಬುದನ್ನು ಫೋಟೊ ಸಹಿತ ಕನ್ನಡದಲ್ಲಿಯೇ ಬರೆಯಿರಿ. ಮೋಸವಾಗಿದ್ದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ನಿಯಮದಂತೆ ಅವರು 48 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯೂ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ.

ತಮ್ಮ ವಿಶ್ವಾಸಿ,
ಓರ್ವ ಓದುಗ, ಇಳಕಲ್, ಬಾಗಲಕೋಟೆ ಜಿಲ್ಲೆ