ಭಾನುವಾರದ ಓದು: ಕಾರ್ಲ್ ವರ್ನರ್

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಡೆನ್ಮಾರ್ಕಿನ ಭಾಷಾವಿದ್ವಾಂಸ ಕಾರ್ಲ್ ವರ್ನರ್ (1846–1896). ಜೀವನ ಹತ್ತೇ ನಿಮಿಷ: ಹುಟ್ಟಿದ್ದು ಆರ್ಹೂಸ್, ಜರ್ಮನಿಯ ಹಾಲೆಯಲ್ಲಿ ಗ್ರಂಥಪಾಲಕ, ಆಮೇಲೆ ಕೋಪನ್‌ಹೇಗನ್ನಿನಲ್ಲಿ ಸ್ಲಾವಿಕ್ ಭಾಷೆಗಳ ಮೇಷ್ಟ್ರು. ಬರೆದದ್ದು ಕಡಿಮೆ, ಹೆಸರು ಉಳಿದದ್ದು ಪತ್ರಿಕೆಯೊಂದರ 1877ರ ಸಂಪುಟದಲ್ಲಿ ಅಚ್ಚಾದ ಒಂದೇ ಲೇಖನದಿಂದ: ಪದದ ಏರುದನಿ ಹಿಂದೆ ಎಲ್ಲಿತ್ತು ಅನ್ನುವುದರ ಮೇಲೆ ಜರ್ಮನ್ ಬಳಗದ ಭಾಷೆಗಳ ವ್ಯಂಜನ ಬೇರೆಯಾಯಿತು ಅನ್ನುವ ‘ವರ್ನರ್ ನಿಯಮ’. ಉಳಿದ ಹೊತ್ತೆಲ್ಲ ಅದಕ್ಕೇ.

ಬರುವ ಮುಂಚೆ ಪಿತಾ, ಮಾತಾ, ಭ್ರಾತಾ ಈ ಮೂರಕ್ಕೂ ವೇದದ ಉದಾತ್ತ (ಏರುದನಿ) ಎಲ್ಲಿದೆ ಅಂತ ಗುರುತು ಹಾಕಿ, ಪಕ್ಕದಲ್ಲಿ ಜರ್ಮನ್ ರೂಪ ಬರೆದುಕೊಳ್ಳಿ: ಫಾಟರ್, ಮುಟರ್, ಬ್ರೂಡರ್.

ಇಂಗ್ಲಿಷ್ ಬೇಡ. ಫಾದರ್, ಮದರ್, ಬ್ರದರ್ ಮೂರರಲ್ಲೂ ಈಗ ಒಂದೇ ಧ್ವನಿ, ಹಳೆಯ ವ್ಯತ್ಯಾಸ ಅಳಿಸಿಹೋಗಿದೆ.

ಹೆಚ್ಚಿನವರು ಎಡವುವುದು ಇಲ್ಲಿ: ಋಗ್ವೇದದ ಪ್ರತಿಯಲ್ಲಿ ಅಕ್ಷರದ ಮೇಲಿನ ಗೆರೆ ಸ್ವರಿತ (ಏರಿ ಇಳಿಯುವ ದನಿ), ಕೆಳಗಿನದು ಅನುದಾತ್ತ (ತಗ್ಗುದನಿ). ಉದಾತ್ತಕ್ಕೆ ಗುರುತೇ ಇಲ್ಲ! ಮೇಲಿನ ಗೆರೆಯನ್ನೇ ಉದಾತ್ತ ಅಂದುಕೊಂಡರೆ ಲೆಕ್ಕ ತಲೆಕೆಳಗು. ಭ್ರಾತಾದಲ್ಲಿ ಉದಾತ್ತ ತಕಾರಕ್ಕೆ ಮೊದಲಿನ ಸ್ವರದ ಮೇಲೆ, ಉಳಿದೆರಡರಲ್ಲಿ ನಂತರದ್ದರ ಮೇಲೆ. ಜರ್ಮನ್ನಿನ ಡ–ಟ ಭೇದದ ಮೂಲ ಅದೇ.

ಬರುವವರು ಶುಕ್ರವಾರ ರಾತ್ರಿಯೊಳಗೆ 👍 ಹಾಕಿ. ಸಸ್ವರ ಪಾಠ ಬಲ್ಲವರು ಯಾರಾದರೂ ಎರಡು ಋಕ್ಕು ಓದಿ ತೋರಿಸುವುದಾದರೆ ಇಲ್ಲೇ ತಿಳಿಸಿ.