ನನ್ನ ಹುಬ್ಬಿಗೆ ಚುಚ್ಚಿದ ಔಷಧಿ ಯಾವುದು, ಎಷ್ಟು? ಲೆಕ್ಕ ಕೊಡಿ

ಇವರಿಗೆ,
ವ್ಯವಸ್ಥಾಪಕರು,
ಸ್ಕಿನ್ ಕ್ಲಿನಿಕ್, ಬೆಳಗಾವಿ

ವಿಷಯ: ಹುಬ್ಬಿನ ನಡುವಿನ ಗೆರೆಗೆ ಹಾಕಿದ ಇಂಜೆಕ್ಷನ್‌ನಿಂದ ಎಡಗಣ್ಣಿನ ರೆಪ್ಪೆ ಇಳಿದಿರುವುದು, ಚಿಕಿತ್ಸೆಯ ದಾಖಲೆ ಕೊಡದಿರುವುದು

ಮಾನ್ಯರೇ,

ನನಗೆ 47 ವರ್ಷ. ಶಹಾಪುರದಲ್ಲಿ ಸೀರೆ ಅಂಗಡಿ ಇದೆ. ಹುಬ್ಬುಗಳ ನಡುವೆ ಎರಡು ಉದ್ದ ಗೆರೆ ಬಿದ್ದಿದ್ದವು. ಬಂದ ಗಿರಾಕಿಗಳೆಲ್ಲ "ಯಾಕ್ರೀ ಅಕ್ಕಾರ, ಸಿಟ್ಟಾಗೀರೇನು?" ಅಂತ ಕೇಳುತ್ತಿದ್ದರು. ಮಗಳ ಮದುವೆ ಹತ್ತಿರ ಬಂದಿತ್ತು. ಹಾಗಾಗಿ ಕಳೆದ ತಿಂಗಳು 6ನೇ ತಾರೀಖು ನಿಮ್ಮಲ್ಲಿಗೆ ಬಂದು 9,500 ರೂಪಾಯಿ ಕಟ್ಟಿ ಇಂಜೆಕ್ಷನ್ ಹಾಕಿಸಿಕೊಂಡೆ.

ನಾಲ್ಕನೇ ದಿನ ಬೆಳಗ್ಗೆ ಎದ್ದಾಗ ಎಡಗಣ್ಣು ಅರ್ಧ ಮುಚ್ಚಿತ್ತು. ನಿದ್ದೆಗಣ್ಣು ಅಂದುಕೊಂಡು ಮುಖ ತೊಳೆದೆ. ತೊಳೆದ ಮೇಲೂ ರೆಪ್ಪೆ ಮೇಲೇಳಲಿಲ್ಲ. ಇವತ್ತಿಗೆ 26 ದಿನ ಆಯಿತು. ಇಳಕಲ್ ಸೀರೆ ಬಂದರೆ ಸೆರಗಿನ ಕೊಂಡಿ ಸರಿಯಾಗಿ ಕೂತಿದೆಯೇ ಅಂತ ನಾನು ಒಂದೊಂದನ್ನೂ ಹತ್ತಿರ ಹಿಡಿದು ನೋಡುವವಳು. ಈಗ ಎಡಗೈ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು, ಬಲಗೈಯಲ್ಲಿ ಸೆರಗು ಹಿಡಿದು ನೋಡಬೇಕಾಗಿದೆ. ಮದುವೆಯ ಫೋಟೋಗಳಲ್ಲೆಲ್ಲ ನಾನು ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ನಿಂತಿದ್ದೇನೆ.

ರೆಪ್ಪೆ ಇಳಿಯುವುದು ಈ ಚಿಕಿತ್ಸೆಯಲ್ಲಿ ಆಗಬಹುದಾದ ತೊಂದರೆ ಅಂತ ನನಗೆ ಈಗ ಗೊತ್ತು. ಒಳ್ಳೆಯ ಡಾಕ್ಟರ ಕೈಯಲ್ಲೂ ಕೆಲವೊಮ್ಮೆ ಆಗುತ್ತದಂತೆ. ಅದಕ್ಕಾಗಿ ಮಾತ್ರ ಆಗಿದ್ದರೆ ಇಷ್ಟು ಉದ್ದ ಪತ್ರ ಬರೆಯುತ್ತಿರಲಿಲ್ಲ. ಹೀಗೂ ಆಗಬಹುದು ಅಂತ ಮೊದಲು ಒಂದು ಮಾತು ಹೇಳಲಿಲ್ಲ. ಆದ ಮೇಲೆ ಏನು ಚುಚ್ಚಿದಿರಿ ಅಂತಲೂ ಹೇಳುತ್ತಿಲ್ಲ. ನನ್ನ ದೂರು ಇದು.

ಅವತ್ತು ಬೋರ್ಡಿನಲ್ಲಿ ಹೆಸರಿರುವ ಡಾಕ್ಟರ್ ಇರಲಿಲ್ಲ. "ಬೆಂಗಳೂರಿಗೆ ಹೋಗ್ಯಾರ್ರೀ, ನಾವ ಮಾಡ್ತೇವಿ" ಅಂದರು. ಬಿಳಿ ಕೋಟು ಹಾಕಿದ್ದ ಹುಡುಗಿ ಒಳಗಿನಿಂದ ತುಂಬಿಟ್ಟ ಸಿರಿಂಜನ್ನೇ ಟ್ರೇಯಲ್ಲಿ ತಂದಳು. ಬಾಟಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಏನಿದು ಅಂದರೆ "ಗೆರಿ ತುಂಬತೇವ್ರೀ" ಅಂದಳು. ಆದರೆ ಗೆರೆ ತುಂಬುವುದು ಫಿಲ್ಲರ್, ಅಲ್ವಾ? ರೆಪ್ಪೆ ಇಳಿದದ್ದು ನೋಡಿದರೆ ನನಗೆ ಹಾಕಿದ್ದು ಬೊಟುಲಿನಮ್ ಟಾಕ್ಸಿನ್ ಇರಬೇಕು (ಬೊಟಾಕ್ಸ್ ಅನ್ನುವುದು ಅದರ ಒಂದು ಬ್ರ್ಯಾಂಡ್). ಅದು ಏನನ್ನೂ ತುಂಬುವುದಿಲ್ಲ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಸ್ನಾಯು ಸಡಿಲಾಗುತ್ತದೆ, ಮೇಲಿನ ಚರ್ಮ ಮಡಚುವುದು ನಿಲ್ಲುತ್ತದೆ. ಹಯಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಕರಗಿಸಲು ಔಷಧಿ ಇದೆ. ಟಾಕ್ಸಿನ್ ಅನ್ನು ವಾಪಸ್ ತೆಗೆಯುವ ಔಷಧಿ ಇಲ್ಲ, ಅದರ ಪಾಡಿಗೆ ಅದು ಇಳಿಯುವವರೆಗೆ ಕಾಯಬೇಕು. ಇಷ್ಟು ದೊಡ್ಡ ವ್ಯತ್ಯಾಸ ಸಿರಿಂಜ್ ಹಿಡಿದವರಿಗೇ ಗೊತ್ತಿರಲಿಲ್ಲವೇ?

ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್ ಲೇಬಲ್ಲಿನಲ್ಲಿ ಹೇಳಿರುವ ಪ್ರಮಾಣ ಒಟ್ಟು 20 ಯೂನಿಟ್, ಐದು ಕಡೆ ನಾಲ್ಕು ನಾಲ್ಕರಂತೆ. ನನಗೆ ಎಂಟು ಕಡೆ ಚುಚ್ಚಿದ್ದಾರೆ. ಪಕ್ಕದಲ್ಲೇ ನಿಂತಿದ್ದ ಮಗಳು ಎಣಿಸಿದ್ದಾಳೆ. ರೆಪ್ಪೆ ಇಳಿಯಬಾರದು ಅಂತಲೇ, ಹೊರಬದಿಯ ಚುಚ್ಚುಗಳನ್ನು ಹುಬ್ಬಿನ ಎಲುಬಿಗಿಂತ ಕನಿಷ್ಠ 1 ಸೆಂಟಿಮೀಟರ್ ಮೇಲೆ ಹಾಕಬೇಕು ಅಂತ ಅದೇ ಲೇಬಲ್ ಎಚ್ಚರಿಸುತ್ತದೆ. ಅವತ್ತು ಸಂಜೆ ತೆಗೆದ ಫೋಟೋದಲ್ಲಿ ಎಡಗಡೆಯ ಒಂದು ಚುಕ್ಕೆ ಹುಬ್ಬಿನ ಕೂದಲೊಳಗೇ ಇದೆ. ಫೋಟೋ ಇದರ ಜೊತೆ ಇಟ್ಟಿದ್ದೇನೆ, ನೋಡಿ. ಇನ್ನು ಒಂದು ಕಂಪನಿಯ ಯೂನಿಟ್ ಇನ್ನೊಂದು ಕಂಪನಿಯ ಯೂನಿಟ್‌ಗೆ ಸಮ ಅಲ್ಲ. ಹಾಗಾಗಿ ಹೆಸರು ಗೊತ್ತಿಲ್ಲದೆ ಸುಮ್ನೆ ಇಷ್ಟು ಯೂನಿಟ್ ಅಂದರೆ ನನಗೆ ಉಪಯೋಗವಿಲ್ಲ. ನಿಮ್ಮ ಬಿಲ್ಲಿನಲ್ಲಿ ಅದೂ ಇಲ್ಲ. ಬರೆದಿರುವುದು "ಫೇಸ್ ಟ್ರೀಟ್‌ಮೆಂಟ್" ಅಂತ ಅಷ್ಟೇ.

ಯಾವ ಮಾತ್ರೆ ತಗೋತೀರಿ ಅಂತ ಒಬ್ಬರೂ ಕೇಳಲಿಲ್ಲ. ನಾನು ಎರಡು ವರ್ಷದಿಂದ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದೇನೆ. ಹಣೆಯ ಮೇಲೆ ಹತ್ತು ದಿನ ಇದ್ದ ನೀಲಿ ಕಲೆಗೆ ಅದೇ ಕಾರಣ ಇರಬಹುದು ಅಂತ ಆಮೇಲೆ ಗೊತ್ತಾಯಿತು. ನನ್ನ ಪಕ್ಕದಲ್ಲಿ ಕೂತಿದ್ದ ತಾಯಿಯ ಮಡಿಲಲ್ಲಿ ಮೂರು ತಿಂಗಳ ಕೂಸು ಇತ್ತು. ಬಸುರಿಯರು, ಹಾಲೂಡಿಸುವ ತಾಯಂದಿರು ಈ ಇಂಜೆಕ್ಷನ್ ತಗೊಳ್ಳಬಾರದು ಅಂತಲೇ ಡಾಕ್ಟರುಗಳು ಹೇಳುತ್ತಾರೆ. ಅವರನ್ನೂ ಏನೂ ಕೇಳದೆ ಒಳಗೆ ಕರೆದುಕೊಂಡು ಹೋದರು. ಮಯಾಸ್ತೇನಿಯಾದಂಥ ಸ್ನಾಯು ದುರ್ಬಲವಾಗುವ ಕಾಯಿಲೆ ಇರುವವರು ಬಂದಿದ್ದರೆ? ಈ ಇಂಜೆಕ್ಷನ್ ಆದ ಮೇಲೆ ನುಂಗುವುದು, ಮಾತಾಡುವುದು, ಉಸಿರಾಡುವುದು ಕಷ್ಟವಾದರೆ ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕು, ಅದು ಕೆಲವು ವಾರಗಳ ನಂತರವೂ ಆಗಬಹುದು. ಇದನ್ನೂ ನನಗೆ ಯಾರೂ ಹೇಳಲಿಲ್ಲ. ಆ ತಾಯಿ, ಆ ಕೂಸು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ರೆಪ್ಪೆ ಇಳಿದ ದಿನವೇ ಫೋನ್ ಮಾಡಿದೆ. "ಎಲ್ಲಾರಿಗೂ ಹಿಂಗ ಆಗ್ತದರೀ, ಇನ್ನೊಂದು ಡೋಸ್ ಹಾಕಿಸ್ಕೊಳ್ರಿ, ಸರಿ ಹೋಗ್ತದ" ಅಂದರು. ಪುಣ್ಯಕ್ಕೆ ನಾನು ಬರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಔಷಧಿ ರೆಪ್ಪೆ ಎತ್ತುವ ಸ್ನಾಯುವಿಗೆ ಹರಡಿದೆ, ಮತ್ತೆ ಚುಚ್ಚಿಸಿಕೊಂಡರೆ ಅದು ವಾಸಿಯಾಗುವುದಿಲ್ಲ ಅಂದರು. ಡ್ರಾಪ್ಸ್ ಕೊಟ್ಟಿದ್ದಾರೆ. ಹಾಕಿದಾಗ ಒಂದೆರಡು ಮಿಲಿಮೀಟರ್ ಮೇಲೇಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯುತ್ತದೆ. ಪೂರ್ತಿ ಸರಿಯಾಗಲು ಇನ್ನೂ ಕೆಲವು ವಾರ ಬೇಕಂತೆ. ಅವರು ಮೊದಲು ಕೇಳಿದ್ದೇ "ಯಾವ ಔಷಧಿ, ಎಷ್ಟು ಯೂನಿಟ್?" ಅಂತ. ನನ್ನ ಬಳಿ ಉತ್ತರ ಇರಲಿಲ್ಲ. ನನ್ನ ಮೈಗೆ ಹೋದ ಔಷಧಿಯ ಹೆಸರು ನನಗೇ ಗೊತ್ತಿಲ್ಲ ಅಂತ ಹೇಳುವಾಗ ಆದ ನಾಚಿಕೆ ನಿಮಗೆ ಅರ್ಥವಾಗಲಿ.

ಆದ್ದರಿಂದ ಔಷಧಿಯ ಕಂಪನಿ, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ, ಪುಡಿಗೆ ಸಲೈನ್ ಬೆರೆಸಿದ ದಿನ ಮತ್ತು ಹೊತ್ತು, ಯಾವ ಜಾಗಕ್ಕೆ ಎಷ್ಟು ಯೂನಿಟ್, ಚುಚ್ಚಿದವರ ಹೆಸರು, ಅವರ ಓದು, ನೋಂದಣಿ ಸಂಖ್ಯೆ ಇಷ್ಟನ್ನೂ ಬರಹದಲ್ಲಿ ಕೊಡಿ. ಬೆರೆಸಿದ ಹೊತ್ತು ಯಾಕೆ ಅಂದರೆ, ಬೊಟಾಕ್ಸ್ ಆದರೆ ಬೆರೆಸಿದ ಮೇಲೆ 2ರಿಂದ 8 ಡಿಗ್ರಿ ತಂಪಿನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು ಅಂತ ಲೇಬಲ್ಲಿನಲ್ಲೇ ಇದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಡಾಕ್ಟರುಗಳಿಗೆ 2002ರ ವೈದ್ಯಕೀಯ ಮಂಡಳಿ ನಿಯಮವಿದೆ. ಆ ಗಡುವು ಈ ಪತ್ರ ನಿಮ್ಮ ಕೈ ಸೇರಿದ ಹೊತ್ತಿನಿಂದ ಶುರು.

ಕಟ್ಟಿದ 9,500 ರೂಪಾಯಿ, ಕಣ್ಣಿನ ಡಾಕ್ಟರ ಫೀಸು ಮತ್ತು ಡ್ರಾಪ್ಸ್ ಸೇರಿ 1,840 ರೂಪಾಯಿ 15 ದಿನದೊಳಗೆ ವಾಪಸ್ ಕೊಡಿ. ಇಂಜೆಕ್ಷನ್‌ಗೆ ಮೊದಲು ಕೊಡುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಮಾಡಿಸಿ. ನಮ್ಮ ಊರಿನಲ್ಲಿ ಎರಡನ್ನೂ ಓದುವವರು ಬರುತ್ತಾರೆ.

ಉತ್ತರ ಬರದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಖಾಸಗಿ ಆಸ್ಪತ್ರೆಗಳ ನೋಂದಣಿ ನೋಡಿಕೊಳ್ಳುವ ಜಿಲ್ಲಾ ಪ್ರಾಧಿಕಾರಕ್ಕೂ ದೂರು ಕೊಡುತ್ತೇನೆ. ಬಿಲ್ಲು, ಫೋಟೋ, ಕಣ್ಣಿನ ಡಾಕ್ಟರ ಚೀಟಿಯ ಪ್ರತಿಗಳು ಜೊತೆಗಿವೆ. ಆ ಕೂಸಿನ ತಾಯಿಯ ಫೋನ್ ನಂಬರ್ ನಿಮ್ಮ ರಿಜಿಸ್ಟರ್‌ನಲ್ಲಿ ಇರುತ್ತದೆ. ದಯವಿಟ್ಟು ಇವತ್ತೇ ಅವರಿಗೆ ಫೋನ್ ಮಾಡಿ ವಿಚಾರಿಸಿ.

ಇಂತಿ,
ನಿಮ್ಮಲ್ಲಿ ಚಿಕಿತ್ಸೆ ಪಡೆದ ಗ್ರಾಹಕಿ
ಶಹಾಪುರ, ಬೆಳಗಾವಿ