ಅಂಬಾವಿಲಾಸವನ್ನು ಬೆಂಕಿಯಿಂದಲೇ ಓದಬೇಕು

ಮಾನ್ಯ ಸಂಪಾದಕರಿಗೆ,

ವಂದನೆಗಳು. ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ದಸರಾ ಪ್ರವಾಸ ಲೇಖನವು ಮೈಸೂರು ಅರಮನೆಗೆ ಆರುನೂರು ವರ್ಷಗಳ ವಯಸ್ಸನ್ನು ಕೊಟ್ಟಿದೆ. ಒಡೆಯರ ಆಳ್ವಿಕೆ 1399ರಲ್ಲಿ ಆರಂಭವಾಯಿತೆಂಬುದು ಪರಂಪರೆಯ ಮಾತು. ಆದರೆ ನಾವಿಂದು ಟಿಕೆಟ್ ಪಡೆದು ಒಳಹೋಗುವ ಅಂಬಾವಿಲಾಸ ಅರಮನೆ ಪೂರ್ಣಗೊಂಡದ್ದು 1912ರಲ್ಲಿ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಬೆಂಕಿ ಬಿದ್ದು ಹಳೆಯ ಮರದ ಅರಮನೆ ಸುಟ್ಟುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಇನ್ನೂ ಬಾಲಕರು. ರಾಜಪ್ರತಿನಿಧಿಯಾಗಿದ್ದ ಅವರ ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು, ಹೊಸ ಅರಮನೆಯ ವಿನ್ಯಾಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಒಪ್ಪಿಸಿದರು. ಆ ಕಾಲದ ನಲವತ್ತು ಲಕ್ಷಕ್ಕೂ ಮಿಕ್ಕಿದ ರೂಪಾಯಿ ಅದಕ್ಕೆ ಖರ್ಚಾಯಿತು. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡಾಗಲೂ ಕಟ್ಟಡದ ಕೆಲಸ ಮುಗಿದಿರಲಿಲ್ಲ. ಆ ಸಮಾರಂಭ ಜಗನ್ಮೋಹನ ಅರಮನೆಯಲ್ಲಿ ನಡೆಯಿತು.

ಈ ಬೆಂಕಿಯನ್ನು ಬಿಟ್ಟರೆ ಕಟ್ಟಡವೇ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರ ಹೊರುತ್ತಿದ್ದ ಭಾರವನ್ನು ಇಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಗಳು ಹೊತ್ತಿವೆ. ಮರದ ಕುಸುರಿ ಬಾಗಿಲುಗಳಲ್ಲಿ ಉಳಿದಿದೆ. ಎಂಟು ಮೂಲೆಯ ಕಲ್ಯಾಣಮಂಟಪದಲ್ಲಿ ಎಲ್ಲರೂ ತಲೆಯೆತ್ತಿ ನವಿಲಿನ ಚಿತ್ತಾರವಿರುವ ಬಣ್ಣದ ಗಾಜಿನ ಚಾವಣಿಯನ್ನು ನೋಡುತ್ತಾರೆಯೇ ಹೊರತು, ಅದನ್ನು ಎತ್ತಿ ಹಿಡಿದಿರುವ, ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳನ್ನು ಗಮನಿಸುವವರು ಕಡಿಮೆ. ಮದುವೆಯ ಹೊತ್ತಿನಲ್ಲಿ ಅರಮನೆ ಕಳೆದುಕೊಂಡ ಮನೆತನವು ಮದುವೆಯ ಮಂಟಪವನ್ನೇ ಕಬ್ಬಿಣದಲ್ಲಿ ಕಟ್ಟಿಸಿತೆಂಬುದು ನನ್ನ ಮನಸ್ಸನ್ನು ತಟ್ಟುತ್ತದೆ.

ಹೊರಗಿನ ಗುಮ್ಮಟ, ಕಮಾನು, 145 ಅಡಿ ಎತ್ತರದ ಗೋಪುರವನ್ನು ಕಂಡು ಇದನ್ನು ಆಂಗ್ಲರ ಅನುಕರಣೆಯೆಂದು ತಳ್ಳಿಹಾಕುವವರೂ ನಮ್ಮ ನಡುವೆ ಇದ್ದಾರೆ. ಮುಂಬಯಿಯ ಕನ್ನಡಿಗರು ಹಾಗೆ ಹೇಳಬಾರದು. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಬಂದು ಸಿಎಸ್‌ಎಂಟಿಯಲ್ಲಿ ಇಳಿದು ನಾನು ಮೂವತ್ತು ವರ್ಷ ಕೆಲಸಕ್ಕೆ ಹೋಗುತ್ತಿದ್ದ ದಾರಿಯಲ್ಲಿಯೇ 1913ರಲ್ಲಿ ಪೂರ್ಣಗೊಂಡ ಪ್ರಧಾನ ಅಂಚೆ ಕಚೇರಿಯಿದೆ. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಯಪುರದ ಗೋಳಗುಮ್ಮಟ. ಮೈಸೂರಿನ ಅರಮನೆಯೂ ಈ ಕಚೇರಿಯೂ ಭಾರತೀಯ, ಇಸ್ಲಾಮಿಕ್ ಹಾಗೂ ಯುರೋಪಿನ ಅಂಶಗಳನ್ನು ಬೆರೆಸಿದ ಒಂದೇ ಇಂಡೋ-ಸಾರ್ಸೆನಿಕ್ ಶೈಲಿಗೆ ಸೇರಿದವು, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಎದ್ದವು. ವಾಸ್ತುಶಿಲ್ಪಿಗಳು ಬ್ರಿಟಿಷರಾಗಿದ್ದರೂ ಅವರು ಕಲಿತದ್ದು ಈ ನೆಲದ ಗುಮ್ಮಟ ಕಮಾನುಗಳಿಂದ.

ಅಕ್ಟೋಬರ್ ರಜೆಯಲ್ಲಿ ಇಲ್ಲಿಂದ ಅನೇಕ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೊರಡುತ್ತವೆ. ಅದಕ್ಕೆ ಮುಂಚೆ ತಾವು ತಿದ್ದುಪಡಿಯನ್ನು ಪ್ರಕಟಿಸಿ, ಅದರಲ್ಲಿ ಕಲ್ಯಾಣಮಂಟಪದ ಆ ಕಂಬಗಳ ಬಗೆಗೂ ಎರಡು ಸಾಲು ಸೇರಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ನಿವೃತ್ತ ಓದುಗಳು
ಡೊಂಬಿವಲಿ ಪೂರ್ವ